ಗಡಿ ಭಾಗದಿಂದ 112ಕ್ಕೆ ಕರೆ ಮಾಡಿದರೆ ನಾವಿರುವ ಜಾಗ ಅವರಿಗೆ ತಿಳಿಯುತ್ತದೆಯೇ?

ಗಡಿಯೂರಿನವ:
ನಮ್ಮದು ಪಾವಗಡ ತಾಲ್ಲೂಕಿನ ಗಡಿಯ ಊರು. ತೋಟದ ಆಚೆ ಬದುವಿನಲ್ಲಿ ನಿಂತರೆ ಮೊಬೈಲು ಆಂಧ್ರದ ಟವರ್ ಹಿಡಿದು, ಆ ರಾಜ್ಯಕ್ಕೆ ಸ್ವಾಗತ ಕೋರುವ ಸಂದೇಶ ಬರುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ನಮ್ಮ ತಂದೆಯವರು ನೀರು ಹಾಯಿಸಲು ಒಬ್ಬರೇ ಹೋಗುತ್ತಾರೆ. ಅವರ ಬಳಿ ಇರುವುದು ಕೀಪ್ಯಾಡ್ ಫೋನು. ಹಾವೋ ಮತ್ತೊಂದೋ ಕಚ್ಚಿ ಅವರು 112ಕ್ಕೆ ಕರೆ ಮಾಡಿದರೆ, ಅವರಿರುವ ಸ್ಥಳ ನಿಯಂತ್ರಣ ಕೊಠಡಿಗೆ ತಾನಾಗಿಯೇ ತಿಳಿಯುವುದೇ?

ನಿವೃತ್ತ ಟೆಲಿಕಾಂ ನೌಕರ:
ಜಿಪಿಎಸ್ ಇಲ್ಲದ ಫೋನಿನ ವಿಷಯದಲ್ಲಿ ಕಂಪನಿಗೆ ಖಚಿತವಾಗಿ ಗೊತ್ತಿರುವುದು ಕರೆ ಯಾವ ಟವರಿನ ಯಾವ ದಿಕ್ಕಿನ ಆಂಟೆನಾ ಮೂಲಕ ಬಂತು ಎಂಬುದಷ್ಟೆ. ಒಂದು ಟವರಿನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಆಂಟೆನಾಗಳಿರುತ್ತವೆ. 2ಜಿ ಜಾಲದಲ್ಲಿ ಸಂಕೇತ ಹೋಗಿ ಬರಲು ಹಿಡಿಯುವ ಸಮಯದಿಂದ ದೂರವನ್ನು ಸುಮಾರು 550 ಮೀಟರಿನ ಪಟ್ಟಿಗಳಲ್ಲಿ ಅಂದಾಜು ಮಾಡಬಹುದು. ಬೆಂಗಳೂರಿನಲ್ಲಿ ಟವರುಗಳು ಒತ್ತೊತ್ತಾಗಿರುವುದರಿಂದ ಅಂದಾಜು ಹತ್ತಿರಕ್ಕೆ ಬರುತ್ತದೆ. ನಿಮ್ಮ ಕಡೆಯ ಬಯಲಿನಲ್ಲಿ ಅದು ಕೆಲವು ಕಿಲೋಮೀಟರ್ ಅಗಲದ ಪ್ರದೇಶವಾಗಿಬಿಡುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತುರ್ತು ಕರೆ ಯಾವ ರಾಜ್ಯದ ನಿಯಂತ್ರಣ ಕೊಠಡಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಅದನ್ನು ಹಿಡಿದ ಟವರು. ಆದ್ದರಿಂದ ನಿಮ್ಮ ತಂದೆಯವರು ಕರ್ನಾಟಕದ ನೆಲದಲ್ಲಿ ನಿಂತು ಮಾಡಿದ ಕರೆಯನ್ನು ಆಂಧ್ರದವರು ಎತ್ತುವ ಸಾಧ್ಯತೆ ಇದೆ.

ಶಿರಾ ಓದುಗ:
ಮೇಲಿನವರು ಹೇಳಿದ್ದು ಸರಿಯಾದರೂ ಸ್ಮಾರ್ಟ್‌ಫೋನಿನ ಲೆಕ್ಕ ಬೇರೆ. ತುರ್ತು ಸಂಖ್ಯೆಗೆ ಕರೆ ಮಾಡಿದೊಡನೆ ಫೋನು ತಾನೇ ಲೊಕೇಶನ್ ಆನ್ ಮಾಡಿಕೊಂಡು, ಜಿಪಿಎಸ್, ವೈಫೈ, ಟವರ್ ಮೂರನ್ನೂ ಬಳಸಿ ಸ್ಥಳವನ್ನು ಗುರುತಿಸಿ, ಎಸ್ಎಂಎಸ್ ಅಥವಾ ಇಂಟರ್ನೆಟ್ ಮೂಲಕ ಕಳುಹಿಸುವ ವ್ಯವಸ್ಥೆಯೊಂದು 2014ರಲ್ಲಿ ಬ್ರಿಟನ್ನಿನಲ್ಲಿ ಶುರುವಾಯಿತು. ಆಂಡ್ರಾಯ್ಡ್‌ಗೆ ಅದು 2016ರಲ್ಲಿ, ಐಫೋನಿಗೆ 2018ರಲ್ಲಿ ಬಂತು. ಆದರೆ ಫೋನು ಕಳುಹಿಸಿದರೆ ಸಾಲದು, ಅದನ್ನು ಪಡೆಯುವ ಏರ್ಪಾಡು ನಿಯಂತ್ರಣ ಕೊಠಡಿಯಲ್ಲೂ ಇರಬೇಕು. ನಮ್ಮ ದೇಶದಲ್ಲಿ ಆಂಡ್ರಾಯ್ಡಿನ ಈ ಸೌಲಭ್ಯವನ್ನು ಮೊದಲು ಅಳವಡಿಸಿಕೊಂಡ ರಾಜ್ಯ ಉತ್ತರ ಪ್ರದೇಶ. ಅಂದಹಾಗೆ, 2016ರ ಕೇಂದ್ರ ನಿಯಮದಂತೆ ತಯಾರಾದ ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುತ್ತದೆ. ಕತ್ತಲಲ್ಲಿ ಇದು ಉಪಯುಕ್ತ.

ಗಡಿಯೂರಿನವ:
ಇಬ್ಬರಿಗೂ ವಂದನೆಗಳು. ಹಾಗಾದರೆ ಬಾಯಲ್ಲಿ ಹೇಳುವುದೇ ಸದ್ಯಕ್ಕೆ ಉಳಿದ ದಾರಿಯೇ? 5ನ್ನು ಒತ್ತಿ ಒಮ್ಮೆ ಪರೀಕ್ಷಿಸಿ ನೋಡಬಹುದೇ?

ನಿವೃತ್ತ ಟೆಲಿಕಾಂ ನೌಕರ:
ಪರೀಕ್ಷೆಗೆಂದು 112ಕ್ಕೆ ಕರೆ ಮಾಡಬೇಡಿ. ಆ ಹೊತ್ತಿಗೆ ನಿಜವಾಗಿ ತೊಂದರೆಯಲ್ಲಿರುವವರು ಸಾಲಿನಲ್ಲಿ ಕಾಯಬೇಕಾಗುತ್ತದೆ. ಕರೆ ಎತ್ತಿದೊಡನೆ ಹೆಸರು ಹೇಳುವುದಕ್ಕೂ ಮೊದಲು "ಕರ್ನಾಟಕ, ತುಮಕೂರು ಜಿಲ್ಲೆ, ಪಾವಗಡ ತಾಲ್ಲೂಕು" ಎಂದು ಹೇಳುವುದನ್ನು ತಂದೆಯವರಿಗೆ ಅಭ್ಯಾಸ ಮಾಡಿಸಿ. ನಂತರ ಊರು, ಊರಿನ ಹಾಲಿನ ಡೈರಿಯಿಂದ ತೋಟ ಯಾವ ದಿಕ್ಕಿಗೆ, ಎಷ್ಟು ದೂರ ಎಂಬುದನ್ನು ತಿಳಿಸಲಿ. ಕರೆ ಆಂಧ್ರಕ್ಕೆ ಹೋದರೂ ಎತ್ತಿದವರು ಅದನ್ನು ಇತ್ತ ದಾಟಿಸಲು ಈ ಮೂರು ಮಾತು ಬೇಕೇ ಬೇಕು. ಜೊತೆಗೆ ನಿಮ್ಮ ಊರು ಯಾವ ಪೊಲೀಸ್ ಠಾಣೆಗೆ ಸೇರುತ್ತದೋ, ವೈ.ಎನ್. ಹೊಸಕೋಟೆಯೋ ತಿರುಮಣಿಯೋ, ಆ ಠಾಣೆಯ ಸಂಖ್ಯೆಯನ್ನು ಅವರ ಫೋನಿನ ಸ್ಪೀಡ್ ಡಯಲ್‌ಗೆ ಹಾಕಿಡಿ. ಆ ಕರೆ ಯಾವ ಟವರ್ ಹಿಡಿದರೂ ಅದೇ ಠಾಣೆಗೆ ಹೋಗುತ್ತದೆ.