ಥಾಯ್ ಭಾಷೆಯ 'ಮುಅಂಗ್' ಸಂಸ್ಕೃತದಿಂದ ಹೋದ ಪದವೇ?

ಪದಪ್ರೇಮಿ: ಥಾಯ್ಲೆಂಡಿನ ಊರ ಹೆಸರುಗಳನ್ನು ನೋಡಿ. ಕಾಂಚನಬುರಿಯ 'ಬುರಿ' ನಮ್ಮ ಪುರಿ. 'ನಖೋನ್' ಅಂದ್ರೆ ನಗರ. ಉಬೋನ್ ರಾಚಥಾನಿಯಲ್ಲಿ ರಾಜಧಾನಿಯೇ ಇದೆ. ಹಾಗಾದರೆ ಪಟ್ಟಣಕ್ಕೆ ಅವರು ದಿನಾ ಬಳಸುವ 'ಮುಅಂಗ್' ಕೂಡ ಸಂಸ್ಕೃತದ್ದೇ ಅಲ್ವಾ?

ತಿರುಗಾಟ: ಅಲ್ಲ ಸಾರ್. ಬುರಿ, ನಖೋನ್ ಹೊರಗಿಂದ ಬಂದವು. ಮುಅಂಗ್ ತಾಯ್ ಜನರ (ಥಾಯ್, ಶಾನ್ ಮುಂತಾದವರ ಬಳಗ) ಸ್ವಂತ ಪದ. ಅವರು ನೆಲೆಸಿದ ಕಡೆಯೆಲ್ಲ ಸಿಗುತ್ತದೆ. ಬರ್ಮಾದ ಶಾನ್ ನಾಡಿನಲ್ಲಿ ಮೋಂಗ್ ನಾಯ್, ಚೀನಾದ ಯುನ್ನಾನ್‌ನಲ್ಲಿ ಮೆಂಗ್ಲಾ; ಈ ಮೋಂಗ್, ಮೆಂಗ್ ಎಲ್ಲ ಅದೇ ಪದ. 1954ರಲ್ಲಿ ಫ್ರೆಂಚರು ಸೋತರಲ್ಲ, ವಿಯೆಟ್ನಾಮಿನ ಆ ದಿಯೆನ್ ಬಿಯೆನ್ ಫು ಕಣಿವೆಯ ಹಳೆಯ ಹೆಸರು ಮುವಾಂಗ್ ಥಾನ್. ಅಲ್ಲಿನ ಕಪ್ಪು ತಾಯ್ ಜನ ಬೌದ್ಧರೂ ಆಗಲಿಲ್ಲ, ಹಾಗಾಗಿ ಧರ್ಮದ ಜೊತೆ ಸಂಸ್ಕೃತ ಪದ ಬಂತು ಅನ್ನೋಕೂ ಆಗಲ್ಲ. ಅವರಲ್ಲೂ ಈ ಪದ ಇದೆ.

ಗದ್ದೆಬದು: ಉತ್ತರ ಥಾಯ್ಲೆಂಡಿನಲ್ಲಿ ಹೊಳೆಗೆ ಗೂಟ ಬಡಿದು ಕಟ್ಟುವ ಒಡ್ಡಿಗೆ 'ಫಾಯ್' ಅಂತಾರೆ. ಅಲ್ಲಿಂದ ಗದ್ದೆಗೆ ನೀರು ಒಯ್ಯುವ ಕಾಲುವೆಗೂ 'ಮುಅಂಗ್' ಅಂತಾರೆ. ಒಂದೇ ಕಾಲುವೆಯ ನೀರಿನಲ್ಲಿ ಬೆಳೆಯುವ ಹಳ್ಳಿಗಳ ಗುಂಪೇ ಮುಅಂಗ್ ಆಗಿರಬೇಕು.

ತಿರುಗಾಟ: ಕೇಳೋಕೆ ಚೆನ್ನಾಗಿದೆ, ಆದರೆ ಕಾಲುವೆಯ ಪದವನ್ನು 'ಮ' ಅಕ್ಷರಕ್ಕೆ ಮೊದಲು 'ಹ' ಸೇರಿಸಿ ಬರೆಯುತ್ತಾರೆ, ದನಿ ಏರಿಸಿ ಹೇಳುತ್ತಾರೆ. ಗಣಿಗೂ ಅದೇ ಏರುದನಿಯ ಪದ. ಊರಿನ ಮುಅಂಗ್ ಸಮದನಿ. ಥಾಯ್‌ನಲ್ಲಿ ದನಿ ಬದಲಾದರೆ ಪದವೇ ಬೇರೆ.

ಗದ್ದೆಬದು: ದನಿಯ ಮಾತು ಒಪ್ಪಿದೆ. ಆದರೂ ಗದ್ದೆ, ನೀರು ಇಲ್ಲದ ಕಡೆ ಮುಅಂಗ್ ಬೆಳೆಯುತ್ತಿರಲಿಲ್ಲ. ಅದನ್ನು ಬಿಟ್ಟುಕೊಡಲ್ಲ.

ಅಕ್ಷರದೀಪ: ಅರ್ಥದ ಕಡೆಗೂ ಸ್ವಲ್ಪ ಬನ್ನಿ. ಸುಮ್ನೆ 'ಪಟ್ಟಣ' ಅಂದರೆ ಅರ್ಧ ಅರ್ಥ ಕೈಬಿಟ್ಟುಹೋಗುತ್ತದೆ. 'ಮುಅಂಗ್ ಥಾಯ್' ಇಡೀ ದೇಶ. 'ಮುಅಂಗ್ ನೋಕ್' ಪರದೇಶ. ರಾಜಕೀಯಕ್ಕೆ 'ಕಾನ್ ಮುಅಂಗ್', ಅಂದರೆ ಊರಿನ ಕೆಲಸ. ಹಿಂದೆ 'ಚಾವ್ ಮುಅಂಗ್' ಅನ್ನುವ ಒಡೆಯನ ಮಾತು ಎಲ್ಲಿಯವರೆಗೆ ನಡೆಯುತ್ತಿತ್ತೋ ಅಲ್ಲಿಯವರೆಗೆ ಅವನ ಮುಅಂಗ್. ಗೆರೆ ಎಳೆದ ಗಡಿ ಇರಲಿಲ್ಲ. 1890ರ ದಶಕದಲ್ಲಿ ರಾಜಕುಮಾರ ದಾಮ್ರೋಂಗ್ ಇವನ್ನೆಲ್ಲ ಬ್ಯಾಂಕಾಕಿನ ಹಿಡಿತಕ್ಕೆ ತಂದರು. 1916ರಲ್ಲಿ ಪ್ರಾಂತ್ಯಕ್ಕೆ 'ಚಾಂಗ್‌ವಾಟ್' ಅನ್ನುವ ಹೆಸರು ಬಂತು. ಈಗ ಪ್ರಾಂತ್ಯದ ಮುಖ್ಯ ತಾಲ್ಲೂಕಿಗೆ 'ಅಂಫೋ ಮುಅಂಗ್' ಅಂತಾರೆ.

ಪದಪ್ರೇಮಿ: ಹಾಗಾದರೆ ಇದು ನಮ್ಮ 'ಊರು' ಇದ್ದ ಹಾಗೆ! ಹಳ್ಳಿಯೂ ಊರೇ, ಮೈಸೂರೂ ಊರೇ, ಹಬ್ಬಕ್ಕೆ ಹೋಗೋದೂ ಊರಿಗೇ. ಪುರ, ನಗರ ನಮಗೂ ಆಮೇಲೆ ಸೇರಿದವು. ನನ್ನ ಮಾತು ವಾಪಸ್ ತಗೊಂಡೆ.

ತಿರುಗಾಟ: ಬ್ಯಾಂಕಾಕಿಗೆ ಹೋದರೆ ಅರಮನೆ ಹತ್ತಿರದ 'ಲಕ್ ಮುಅಂಗ್' ಗುಡಿ ನೋಡಿ ಸಾರ್. 'ಲಕ್' ಅಂದ್ರೆ ಕಂಬ. 1782ರಲ್ಲಿ ರಾಜಧಾನಿ ಕಟ್ಟುವಾಗ ಮೊದಲು ಮರದ ಕಂಬ ನೆಟ್ಟರು. ಜನ ಈಗಲೂ ಅಲ್ಲಿ ಚಿನ್ನದ ರೇಕು ಹಚ್ಚಿ, ಬಣ್ಣದ ಬಟ್ಟೆ ಕಟ್ಟಿ ಕೈಮುಗಿಯುತ್ತಾರೆ. ರಾಜಧಾನಿಗೆ ಪಾಳಿ, ಸಂಸ್ಕೃತದ ಉದ್ದುದ್ದ ಹೆಸರಿಟ್ಟರು, ಕಂಬಕ್ಕೆ ಮಾತ್ರ ಮುಅಂಗ್ ಅಂತಲೇ ಕರೆದರು.