ನನ್ನ ಬರವಣಿಗೆಯನ್ನು ನಾನೇ ಅಳೆಯುವುದು ಹೇಗೆ?

ಪ್ರಶ್ನೆ: ಬಿ.ಎ. ವಿದ್ಯಾರ್ಥಿನಿ, ಬೆಟಗೇರಿ

ಎಲ್ಲರಿಗೂ ನಮಸ್ಕಾರ. ನಾನು ಗದಗಿನ ಕಾಲೇಜೊಂದರಲ್ಲಿ ಬಿ.ಎ. ಐದನೆಯ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮ ಕನ್ನಡ ಅಧ್ಯಾಪಕಿಯವರು ಈ ಸಲ ಪ್ರಬಂಧದ ಬದಲಿಗೆ ಬೇರೊಂದು ಕೆಲಸ ಕೊಟ್ಟಿದ್ದಾರೆ. ನಮ್ಮ ಬರವಣಿಗೆಯ ಬಲ ಯಾವುದು, ಕೊರತೆ ಯಾವುದು, ಮುಂದಿನ ಗುರಿ ಏನು ಎಂಬುದನ್ನು ನಾವೇ ಎರಡು ಪುಟಗಳಲ್ಲಿ ಬರೆದು ಒಪ್ಪಿಸಬೇಕು. ‘ನನ್ನ ಭಾಷೆ ಸರಳವಾಗಿದೆ, ಶಬ್ದಸಂಪತ್ತು ಕಡಿಮೆ ಇದೆ, ಇನ್ನೂ ಹೆಚ್ಚು ಓದಬೇಕು’ ಎಂದು ಬರೆದ ಮೇಲೆ ಕೈ ನಿಂತಿತು. ಈ ಸಾಲುಗಳನ್ನು ನನ್ನ ತರಗತಿಯ ಯಾರು ಬೇಕಾದರೂ ತಮ್ಮ ಹೆಸರಿನಲ್ಲಿ ಬರೆದುಕೊಳ್ಳಬಹುದು.

ನಮ್ಮದು ನೇಕಾರರ ಮನೆ. ಕಳೆದ ವರ್ಷ ಅಪ್ಪನ ಮಗ್ಗದ ಬಗ್ಗೆ, ಹಾಸು, ಹೊಕ್ಕು, ಲಾಳಿಯ ಓಡಾಟದ ಬಗ್ಗೆ ಒಂದು ಪುಟ ಬರೆದಾಗ ಎಲ್ಲಿಯೂ ತಡವರಿಸಲಿಲ್ಲ. ಅದನ್ನು ತರಗತಿಯಲ್ಲಿ ಓದಿಸಿದರು. ಆದರೆ ಪರೀಕ್ಷೆಯ ಉತ್ತರ ಬರೆಯಲು ಕುಳಿತರೆ ಬೇರೆ ಯಾರೋ ಬರೆದಂತಾಗುತ್ತದೆ. ನನ್ನ ಉತ್ತರಪತ್ರಿಕೆಯ ಒಂದು ವಾಕ್ಯ ಹೀಗಿದೆ: ‘1905ರಲ್ಲಿ ಕಣಗಿನಹಾಳದಲ್ಲಿ ಸ್ಥಾಪಿಸಲ್ಪಟ್ಟ ಸಹಕಾರ ಸಂಘವು ಸಿದ್ದನಗೌಡ ಪಾಟೀಲರಿಂದ ಆರಂಭಿಸಲ್ಪಟ್ಟಿದ್ದು ರೈತರಿಗೆ ಸಾಲವು ನೀಡಲ್ಪಡುವ ಉದ್ದೇಶವನ್ನು ಹೊಂದಿತ್ತು.’ ಪಕ್ಕದಲ್ಲಿ ‘ತೊಡಕು’ ಎಂದಷ್ಟೇ ಬರೆದಿದ್ದಾರೆ. ಇದರ ಜೊತೆಗೆ ‘ಮನಿ’, ‘ಮಾಡ್ಯಾರ’ ಎಂಬ ನಮ್ಮ ಕಡೆಯ ರೂಪಗಳು ಅವಸರದಲ್ಲಿ ಉತ್ತರದೊಳಗೆ ನುಸುಳುತ್ತವೆ. ಪದವಿಯ ನಂತರ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಬೇಕೆಂಬ ಆಸೆ ನನ್ನದು, ಮನೆಯವರು ಕೆ.ಎ.ಎಸ್. ಪರೀಕ್ಷೆ ಬರೆ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಗುರಿ ಎಂದು ಬರೆಯಲಿ?

ಉತ್ತರ: ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ

ತಂಗಿ, ನೀನು ಕೊಟ್ಟಿರುವ ಆ ಒಂದು ವಾಕ್ಯದಿಂದಲೇ ಕೆಲಸ ಆರಂಭಿಸಬಹುದು. ಅದರಲ್ಲಿ ಕೆಲಸ ಮಾಡಿದವರು ಸಿದ್ದನಗೌಡ ಪಾಟೀಲರು, ಆದರೆ ವಾಕ್ಯ ಅವರನ್ನು ‘ಇಂದ’ ಎಂಬ ಪ್ರತ್ಯಯದ ಹಿಂದೆ ನಿಲ್ಲಿಸಿ ಸಂಘವನ್ನು ಮುಂದೆ ತಂದಿದೆ. ಸಂಘ ಹುಟ್ಟಿದ ಸಂಗತಿಯನ್ನು ಎರಡು ಸಲ ಹೇಳಿದೆ. ಸಾಲ ಕೊಡುವುದನ್ನು ‘ನೀಡಲ್ಪಡುವ ಉದ್ದೇಶವನ್ನು ಹೊಂದಿತ್ತು’ ಎಂದು ಎಳೆದಿದೆ. ‘ರೈತರಿಗೆ ಸಾಲ ಕೊಡುವುದಕ್ಕಾಗಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದರು’ ಎಂದರೆ ಯಾವ ಸಂಗತಿಯೂ ಬಿಟ್ಟುಹೋಗುವುದಿಲ್ಲ. ‘ಸ್ಥಾಪಿಸಲ್ಪಟ್ಟ’, ‘ನೀಡಲ್ಪಡುವ’ ಎಂಬಂಥ ಕರ್ಮಣಿ ಪ್ರಯೋಗ ತಪ್ಪಲ್ಲ. ಆದರೆ ಮಾತನಾಡುವಾಗ ನಾವು ಅದನ್ನು ಬಳಸುವುದು ಬಹಳ ಕಡಿಮೆ, ಆದ್ದರಿಂದ ಸಾಲು ಸಾಲಾಗಿ ಬಂದಾಗ ಓದುವವರಿಗೆ ಉಸಿರು ಕಟ್ಟುತ್ತದೆ.

ಈಗ ನಿನ್ನ ಹಳೆಯ ನಾಲ್ಕೈದು ಉತ್ತರಪತ್ರಿಕೆಗಳನ್ನು ಹರಡಿಕೊಂಡು ಪೆನ್ಸಿಲ್ ಹಿಡಿದು ಕುಳಿತುಕೊ. ‘ಅಲ್ಪಟ್ಟ’ ಎಂದು ಬಂದ ಕಡೆಯೆಲ್ಲ ಗೆರೆ ಎಳೆ. ಆಮೇಲೆ ಪ್ರತಿ ಉದ್ದ ವಾಕ್ಯದಲ್ಲಿ ಕರ್ತೃಪದ ಎಲ್ಲಿದೆ, ಕ್ರಿಯಾಪದ ಎಲ್ಲಿದೆ ಎಂದು ನೋಡು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ನಡುವೆ ತುರುಕಿದ ಮಾತುಗಳನ್ನೆಲ್ಲ ಓದುವವರು ಅಲ್ಲಿಯತನಕ ಹೊತ್ತುಕೊಂಡು ಬರಬೇಕಾಗುತ್ತದೆ. ಬರೆಯುವವರೂ ದಾರಿಯಲ್ಲಿ ಕರ್ತೃವನ್ನು ಮರೆತು, ಬಹುವಚನದಲ್ಲಿ ಆರಂಭಿಸಿದ್ದನ್ನು ಏಕವಚನದಲ್ಲಿ ಮುಗಿಸುವುದುಂಟು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದುವಾಗ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ಈ ಎಣಿಕೆಯನ್ನು ನಿನ್ನ ಎರಡು ಪುಟಗಳಲ್ಲಿ ಉದಾಹರಣೆ ಸಮೇತ ಬರೆ.

‘ಮನಿ’ಯ ವಿಷಯದಲ್ಲಿ ನಾಚಿಕೆ ಬೇಡ. ಮನೆ ಮನಿಯಾಗುವುದು, ತಲೆ ತಲಿಯಾಗುವುದು, ಕೆರೆ ಕೆರಿಯಾಗುವುದು ನಮ್ಮ ಭಾಗದ ಮಾತಿನ ನಿಯಮ, ಅದು ಅಜಾಗರೂಕತೆಯಲ್ಲ. ಪರೀಕ್ಷೆಯ ಉತ್ತರದಲ್ಲಿ ಗ್ರಂಥಸ್ಥ ರೂಪ ಬಳಸಬೇಕು ಎಂಬುದು ನಿಜ, ಅದಕ್ಕೆ ಕೊನೆಯ ಐದು ನಿಮಿಷ ಪದಾಂತ್ಯಗಳನ್ನು ನೋಡಿಕೊಂಡರೆ ಸಾಕು. ಅಪ್ಪನ ಮಾತನ್ನು ಬರೆಯುವಾಗ ಮಾತ್ರ ದಯವಿಟ್ಟು ಅದನ್ನು ತಿದ್ದಬೇಡ.

ಉತ್ತರ: ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಸಪ್ತಾಪುರ, ಧಾರವಾಡ

ಗುರಿಯ ಬಗ್ಗೆ ಮಾತ್ರ ಹೇಳುತ್ತೇನೆ, ಅಕ್ಕಾ. ಕೆ.ಎ.ಎಸ್. ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೆಂದೇ 250 ಅಂಕಗಳ ಪತ್ರಿಕೆ ಇದೆ; ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಅರ್ಹತೆ ಪಡೆಯದೆ ಮುಂದಿನ ದಾರಿ ಇಲ್ಲ. ಅಲ್ಲಿಯೂ, ಸುದ್ದಿಪತ್ರಿಕೆಯ ಕಚೇರಿಯಲ್ಲಿಯೂ ನಿಗದಿತ ಹೊತ್ತಿನೊಳಗೆ ಸ್ಪಷ್ಟವಾಗಿ ಬರೆದು ಮುಗಿಸಲೇಬೇಕು. ಆದ್ದರಿಂದ ಯಾವ ಹುದ್ದೆ ಎಂಬುದನ್ನು ಈಗಲೇ ತೀರ್ಮಾನಿಸದೆ, ವಾರಕ್ಕೊಂದು ಪ್ರಬಂಧವನ್ನು ಗಡಿಯಾರ ಇಟ್ಟುಕೊಂಡು ಬರೆಯುವುದನ್ನೇ ಗುರಿ ಎಂದು ಬರೆಯಬಹುದು. ನಾನು ಎರಡು ವರ್ಷ ಓದಿದ್ದೇ ಹೆಚ್ಚು, ಬರೆದದ್ದು ಕಡಿಮೆ. ಅದರ ನಷ್ಟ ನನಗೆ ಮುಖ್ಯ ಪರೀಕ್ಷೆಯ ಕೊಠಡಿಯಲ್ಲಿ ತಿಳಿಯಿತು.

ಉತ್ತರ: ಬಾನುಲಿ ಬರಹಗಾರ್ತಿ, ಹುಬ್ಬಳ್ಳಿ

ಗುರುಗಳ ಮಾತಿಗೆ ನನ್ನದೊಂದು ಸಣ್ಣ ಭಿನ್ನಾಭಿಪ್ರಾಯವಿದೆ. ತಪ್ಪುಗಳನ್ನಷ್ಟೇ ಎಣಿಸಿದರೆ ಈ ಹುಡುಗಿಯ ಕೈಯಲ್ಲಿ ಅರ್ಧ ಲೆಕ್ಕ ಮಾತ್ರ ಉಳಿಯುತ್ತದೆ. ಮಗ್ಗದ ಪುಟ ಏಕೆ ಚೆನ್ನಾಗಿ ಬಂತು ಎಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಹುಡುಕಬೇಕು. ನನ್ನ ಊಹೆ ಇಷ್ಟು: ಮಗ್ಗದ ಮುಂದೆ ಯಾವ ಕೈ ಏನು ಮಾಡುತ್ತದೆ, ಯಾವುದು ಮೊದಲು, ಯಾವುದು ನಂತರ ಎಂಬುದು ಆಕೆಗೆ ಕಣ್ಣಾರೆ ಗೊತ್ತು, ಸಹಕಾರ ಸಂಘದ ಬಗ್ಗೆ ಗೊತ್ತಿದ್ದದ್ದು ನೋಟ್ಸಿನ ಮಾತು ಮಾತ್ರ. ಹಾಗಿದ್ದರೆ ಕೊರತೆ ಭಾಷೆಯಲ್ಲಿ ಮಾತ್ರ ಇಲ್ಲ, ವಿಷಯದ ಪರಿಚಯದಲ್ಲಿಯೂ ಇದೆ. ಕಣಗಿನಹಾಳ ಗದಗಿಗೆ ದೂರವೇನೂ ಅಲ್ಲ, ಒಮ್ಮೆ ಹೋಗಿ ಬಾ ತಂಗಿ.

ನಾನು ಧಾರವಾಡ ಆಕಾಶವಾಣಿಗೆ ಭಾಷಣಗಳನ್ನು ಬರೆಯುವಾಗ ಕಲಿತ ಒಂದು ಕ್ರಮವಿದೆ. ಕೇಳುಗರು ಪುಟ ಹಿಂದಕ್ಕೆ ತಿರುಗಿಸಿ ಓದಲಾರರು, ಆದ್ದರಿಂದ ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಿ ನೋಡಬೇಕಿತ್ತು. ನೀನೂ ಎರಡೂ ಬರಹಗಳನ್ನು ಮನೆಯಲ್ಲಿ ಯಾರಿಗಾದರೂ ಓದಿ ಹೇಳು. ಅವರು ‘ಏನಂದಿ?’ ಎಂದು ಕೇಳಿದ ಕಡೆ ಗುರುತು ಮಾಡಿಕೊ.

ಪ್ರಶ್ನೆ ಕೇಳಿದವರು

ಗುರುಗಳಿಗೆ, ಅಕ್ಕನವರಿಗೆ, ಸಪ್ತಾಪುರದ ಅಭ್ಯರ್ಥಿಗೆ ಧನ್ಯವಾದಗಳು. ನಾಲ್ಕು ಉತ್ತರಪತ್ರಿಕೆಗಳಲ್ಲಿ ‘ಅಲ್ಪಟ್ಟ’ ಹತ್ತೊಂಬತ್ತು ಸಲ ಬಂದಿದೆ. ಮಗ್ಗದ ಪುಟದಲ್ಲಿ ಒಮ್ಮೆಯೂ ಇಲ್ಲ. ಆದರೆ ಆ ಪುಟದಲ್ಲಿಯೇ ‘ಓಣಿಯ ಮಗ್ಗಗಳು ಒಂದೊಂದಾಗಿ ನಿಂತುಹೋಯಿತು’ ಎಂದು ಬರೆದಿದ್ದೇನೆ. ‘ನಿಂತುಹೋದವು’ ಎಂದಾಗಬೇಕಿತ್ತು, ತರಗತಿಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಈ ಲೆಕ್ಕದಿಂದಲೇ ನನ್ನ ಮೊದಲ ಪುಟ ತುಂಬಿತು. ಗುರಿಯ ಜಾಗದಲ್ಲಿ ವಾರಕ್ಕೊಂದು ಬರಹ, ಅದರಲ್ಲಿ ತಿಂಗಳಿಗೊಂದು ನಾನೇ ಹೋಗಿ ನೋಡಿ ಬಂದ ಸಂಗತಿಯ ಮೇಲೆ ಎಂದು ಬರೆದಿದ್ದೇನೆ.

ನಿನ್ನೆ ರಾತ್ರಿ ಮಗ್ಗದ ಪುಟವನ್ನು ಅಪ್ಪನಿಗೆ ಓದಿ ಹೇಳಿದೆ. ಕೊನೆಯತನಕ ಸುಮ್ಮನೆ ಕೇಳಿ, ‘ಎಳಿ ಹರದಾಗ ಗಂಟ ಹಾಕೂದು ಬಿಟ್ಟೀಯಲ್ಲವ್ವಾ, ಅರ್ಧಾ ದಿನ ಅದರಾಗ ಹೋಗತೈತಿ’ ಎಂದರು. ಆ ಭಾಗವನ್ನು ಇವತ್ತು ಸೇರಿಸುತ್ತಿದ್ದೇನೆ.