ಫಾರ್ವರ್ಡ್ ಬಂದದ್ದು ಹತ್ತು ಸಾವಿರದ್ದು, ಜಗಳ ಆದದ್ದು ಲಗ್ನಪತ್ರಿಕೆಗೆ

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ನಡೆದ ಮಾತು ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ತೆಗೆದು ಊರು ಉಳಿಸಿದ್ದೇನೆ. ನಮ್ಮ ಮೂಲ ಅಂಕೋಲಾ ಕಡೆ, ಈಗ ಅರ್ಧ ಜನ ಮುಂಬೈಯಲ್ಲಿ. ನಾನು ಮುಲುಂಡ್. ನನ್ನ ಮಗನಿಗೆ ಆಟಿಸಂ ಇದೆ, ಜೊತೆಗೆ ಬೌದ್ಧಿಕ ಅಸಾಮರ್ಥ್ಯವೂ ಇದೆ. ಬರುವ ಜೂನ್‌ಗೆ ಅವನಿಗೆ 18 ತುಂಬುತ್ತದೆ. ಇಂಥ ಮಕ್ಕಳಿರುವ ಬೇರೆ ಮನೆಗಳಿಗೂ ಇದು ಬೇಕಾಗಬಹುದು. ಜಗಳವನ್ನೂ ತೆಗೆದಿಲ್ಲ, ಯಾಕೆಂದರೆ ಅದೂ ಎಲ್ಲರ ಮನೆಯಲ್ಲಿ ಇರುವುದೇ.

ಡೊಂಬಿವಲಿ ದೊಡ್ಡಪ್ಪ: (ಫಾರ್ವರ್ಡ್) ಶುಭ ಸುದ್ದಿ!!! ಮನೆಯಲ್ಲಿ ಅಂಗವಿಕಲ ಮಕ್ಕಳಿದ್ದರೆ ಕೇಂದ್ರ ಸರ್ಕಾರದಿಂದ ತಿಂಗಳಿಗೆ ₹10,000. ಈ ಭಾನುವಾರದ ಮೇಳದಲ್ಲಿ ಮಾತ್ರ ಫಾರ್ಮ್ ಸಿಗುತ್ತದೆ. ಬರಲು ಆಗದವರು ಕೆಳಗಿನ ಲಿಂಕ್ ಒತ್ತಿ ಆಧಾರ್ ನಂಬರ್, ಓಟಿಪಿ ಹಾಕಿ. 10 ಗ್ರೂಪಿಗೆ ಕಳಿಸಿ, ಒಂದು ಮಗುವಿನ ಬಾಳು ಬೆಳಗಲಿ.

ಡೊಂಬಿವಲಿ ದೊಡ್ಡಪ್ಪ: ಮುಲುಂಡ್‌ನವಳು ನೋಡಲಿ. ಅವಳಿಗೆ ಅಂತಲೇ ಹಾಕಿದೆ.

ಧಾರವಾಡ ಅತ್ತೆ: 🙏🙏 ಕೊನೆಗೂ ಸರ್ಕಾರ ಕಣ್ಣು ತೆರೆಯಿತು.

ವಾಶಿ ತಮ್ಮ: ದೊಡ್ಡಪ್ಪ, ಇದು ಎಲ್ಲಿಂದ ಬಂತು? ಯಾವ ಇಲಾಖೆ? ಮೇಳ ಯಾವ ಮೈದಾನದಲ್ಲಿ? ಒಂದೂ ಬರೆದಿಲ್ಲ.

ಡೊಂಬಿವಲಿ ದೊಡ್ಡಪ್ಪ: ನಮ್ಮ ರಿಟೈರ್ಡ್ ಬ್ಯಾಂಕಿನವರ ಗ್ರೂಪಿನಲ್ಲಿ ಬಂದದ್ದು. ಅಲ್ಲಿ ಇರುವವರೆಲ್ಲ ಓದಿದವರು.

ವಾಶಿ ತಮ್ಮ: ಲಿಂಕಿನ ಕೊನೆ ನೋಡಿ. ಗವ್ ಡಾಟ್ ಇನ್ ಇಲ್ಲ. ಓಟಿಪಿ ಕೊಟ್ಟರೆ ಅಕೌಂಟ್ ಖಾಲಿ.

ಡೊಂಬಿವಲಿ ದೊಡ್ಡಪ್ಪ: ನೀನು ಎಲ್ಲದಕ್ಕೂ ಪುರಾವೆ ಕೇಳುವವನು. ಕೋವಿಡ್ ಟೈಮಿನಲ್ಲಿ ಕಷಾಯದ ಮೆಸೇಜಿಗೂ ಹೀಗೇ ಮಾಡಿದೆ. ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದೆ.

ಪುಣೆ ಬಾವ: ಕಷಾಯದ ವಿಷಯ ಮತ್ತೆ ಬೇಡ, ಪ್ಲೀಸ್.

ಧಾರವಾಡ ಅತ್ತೆ: ದುಡ್ಡು ಬರಲಿ ಬಿಡಲಿ, ದೊಡ್ಡದು ತಾಳ್ಮೆ. ಹಿಂದೆ ತಾಯಂದಿರು ಮನೆಯಲ್ಲೇ ಇದ್ದು ಇಂಥ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಇಡಗುಂಜಿ ಹರಕೆ ಇನ್ನೂ ತೀರಿಸಿಲ್ಲ ಅಲ್ವಾ? ಮೊದಲು ಅದು ಆಗಲಿ.

ಪರೇಲ್ ಅಣ್ಣ: ನಮ್ಮ ಹಳೇ ಚಾಳಿನಲ್ಲಿ (ಒಂದೊಂದು ಕೋಣೆಯ ಮನೆಗಳ ಕಟ್ಟಡ) ಒಬ್ಬ ಹುಡುಗ ಇದ್ದ, ನೆನಪಿದೆಯಾ? ಮಾತು ಬರುತ್ತಿರಲಿಲ್ಲ. ನಳದಲ್ಲಿ ನೀರು ಬಂದ ತಕ್ಷಣ ಎಲ್ಲರ ಬಾಗಿಲು ತಟ್ಟುತ್ತಿದ್ದ. ಊಟ ಯಾರ ಮನೆಯಲ್ಲಾದರೂ ಸರಿ. ಗಣಪತಿ ಮೆರವಣಿಗೆಯಲ್ಲಿ ಮುಂದೆ ಅವನೇ. ಆಗ ಯಾವ ಮೇಳವೂ ಬೇಕಿರಲಿಲ್ಲ.

ಪುಣೆ ಬಾವ: ಹೌದು ಹೌದು! ಮಿಲ್ಲಿನ ಭೋಂಗಾ (ಸೈರನ್) ಆದರೆ ಕಿವಿ ಮುಚ್ಚಿಕೊಂಡು ಜಿನೆ (ಮೆಟ್ಟಿಲು) ಕೆಳಗೆ ಕೂರುತ್ತಿದ್ದ.

ಧಾರವಾಡ ಅತ್ತೆ: ಆ ಚಾಳಿನ ಪ್ರೀತಿ ಈಗಿನ ಫ್ಲ್ಯಾಟಿನಲ್ಲಿ ಎಲ್ಲಿ?

ಸುಮಾರು ಹೊತ್ತು ಚಾಳೇ ನಡೆಯಿತು. ಯಾರ ಖೋಲಿ (ಕೋಣೆ) ಎಷ್ಟಕ್ಕೆ ಹೋಯಿತು, ಬಟಾಟೆ ವಡೆಯ ಅಂಗಡಿ ಎಲ್ಲಿತ್ತು, ಯಾರು ಯಾರ ಸೈಕಲ್ ಮುರಿದರು. ಲಿಂಕ್ ಮಾತ್ರ ಮೇಲೆ ಹಾಗೇ ಇತ್ತು. ಯಾರಾದರೂ ಒತ್ತಿಬಿಟ್ಟಾರು ಅಂತ ನನಗೆ ಭಯ.

ನಾನು: ಅಣ್ಣ, ಚಾಳು ಒಡೆದು ಟವರ್ ಕಟ್ಟಿದ ಮೇಲೆ ಆ ಹುಡುಗ ಎಲ್ಲಿ ಹೋದ?

ಪರೇಲ್ ಅಣ್ಣ: ಗೊತ್ತಿಲ್ಲ. ತಾಯಿ ತೀರಿಕೊಂಡ ಮೇಲೆ ಯಾರೋ ಕರೆದುಕೊಂಡು ಹೋದರು ಅಂತ ಕೇಳಿದ್ದೆ.

ನಾನು: ನನಗೆ ನಿದ್ದೆ ಬಾರದಿರುವುದು ಅದಕ್ಕೇ.

ಪುಣೆ ಬಾವ: ಹಾಗೆಲ್ಲ ಯಾಕೆ ಅಂದುಕೊಳ್ಳುತ್ತೀಯ? ನಾವಿಲ್ವಾ? ಮೇಳ ಇದ್ದರೆ ಹೇಳು, ಎಲ್ಲರೂ ಬರುತ್ತೇವೆ. ಅವನು ನಮ್ಮ ಮನೆ ಮಗು.

ವಾಶಿ ತಮ್ಮ: ಬಾವ, ಲಗ್ನಪತ್ರಿಕೆಯಲ್ಲಿ ಮಾತ್ರ ನಿಮ್ಮ ಮನೆ ಮಗು ಆಗಿರಲಿಲ್ಲ.

ಪುಣೆ ಬಾವ: ಅದು ಈಗ ಯಾಕೆ ಬಂತು?

ಹೊರಗಿನವರಿಗೆ ಗೊತ್ತಾಗಲಿ ಅಂತ ಹೇಳುತ್ತೇನೆ. ಬಾವನ ಮಗಳ ಮದುವೆ ಪತ್ರಿಕೆಯ ಕೆಳಗೆ ‘ನಮ್ಮ ಅಕ್ಕನ ಮದುವೆಗೆ ತಪ್ಪದೇ ಬನ್ನಿ’ ಅಂತ ಮನೆಯ ಮಕ್ಕಳ ಹೆಸರೆಲ್ಲ ಇತ್ತು. ಇನ್ನೂ ನಡೆಯಲು ಬಾರದ ಮಗುವಿನ ಹೆಸರೂ ಇತ್ತು. ನನ್ನ ಮಗನದು ಇರಲಿಲ್ಲ. ಅವನಿಗೆ ಕನ್ನಡದಲ್ಲಿ ತನ್ನ ಹೆಸರು ಓದಲು ಬರುತ್ತದೆ, ಹೆಸರುಗಳನ್ನು ಓದುವುದೆಂದರೆ ಅವನಿಗೆ ಇಷ್ಟ. ಪ್ರತಿ ಹೆಸರಿನ ಮೇಲೆ ಬೆರಳಿಟ್ಟು ಕೊನೆಯವರೆಗೂ ಹೋದ. ಆಮೇಲೆ ಪತ್ರಿಕೆ ತಿರುಗಿಸಿ ಹಿಂದೆಯೂ ನೋಡಿದ.

ಪುಣೆ ಬಾವ: ಪ್ರಿಂಟಿನವನು ಜಾಗ ಇಲ್ಲ ಅಂದ.

ವಾಶಿ ತಮ್ಮ: ಒಂದು ಹೆಸರಿಗೆ?

ಪುಣೆ ಬಾವ: ಹುಡುಗನ ಕಡೆಯವರು ಏನಾದರೂ ಕೇಳಿದರೆ ಏನು ಹೇಳುವುದು ಅಂತ ಅತ್ತೆಯೇ ಅಂದದ್ದು.

ಧಾರವಾಡ ಅತ್ತೆ: ನಾನು ಅಂದದ್ದು ಬೇರೆ. ಮದುವೆ ಗದ್ದಲದಲ್ಲಿ ಮಗುವಿಗೆ ಕಷ್ಟ ಆಗುತ್ತದೆ ಅಂದೆ. ಹೆಸರು ತೆಗೆ ಅನ್ನಲಿಲ್ಲ.

ಡೊಂಬಿವಲಿ ದೊಡ್ಡಪ್ಪ: ನಾನು ಒಳ್ಳೆಯದಕ್ಕೆ ಒಂದು ಮೆಸೇಜ್ ಹಾಕಿದರೆ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ.

ನಾನು: ದೊಡ್ಡಪ್ಪ, ಒಳ್ಳೆಯದಕ್ಕೇ ಹಾಕಿದ್ದೀರಿ, ಗೊತ್ತು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಆ ಲಿಂಕ್ ಯಾರೂ ಒತ್ತಬೇಡಿ. ಕೇಂದ್ರದಿಂದ ತಿಂಗಳಿಗೆ ಹತ್ತು ಸಾವಿರ ಕೊಡುವ ಯೋಜನೆ ಇಲ್ಲ. ಇದ್ದಿದ್ದರೆ ನಮ್ಮ ಶಾಲೆಯ ತಾಯಂದಿರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಅಂಗವಿಕಲರಿಗೆ ಸರ್ಕಾರದ ಗುರುತಿನ ಕಾರ್ಡ್ ಅಂತ ಇರುವುದು ಯುಡಿಐಡಿ. ಅರ್ಜಿ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ಆಮೇಲೆ ಸರ್ಕಾರ ಗುರುತಿಸಿದ ಆಸ್ಪತ್ರೆಯಲ್ಲಿ ಡಾಕ್ಟರುಗಳು ನೋಡಿ ಶೇಕಡಾವಾರು ಬರೆಯುತ್ತಾರೆ. ಹೆಚ್ಚಿನ ಸವಲತ್ತಿಗೆ ಶೇ. 40 ಅಥವಾ ಜಾಸ್ತಿ ಇರಬೇಕು. 1995ರ ಕಾನೂನಿನಲ್ಲಿ 7 ಬಗೆಯ ಅಂಗವೈಕಲ್ಯ ಮಾತ್ರ ಇತ್ತು, ಆಟಿಸಂ ಇರಲಿಲ್ಲ. 2016ರ ಕಾನೂನಿನಲ್ಲಿ 21 ಆಯಿತು. ನಮ್ಮ ಮಕ್ಕಳು ಆ ಪಟ್ಟಿಗೆ ಬಂದದ್ದೇ ಆಗ.

ಮೇಳ ಅನ್ನುವುದೇ ಸುಳ್ಳು ಅಂತಲೂ ಅಲ್ಲ. ಅಲಿಮ್ಕೋ ಅನ್ನುವ ಸರ್ಕಾರಿ ಕಂಪನಿ ಶಿಬಿರ ಮಾಡಿ ಗಾಲಿಕುರ್ಚಿ, ಕಿವಿಯ ಮಷೀನು ಕೊಡುತ್ತದೆ. ನಿಜವಾದ ಶಿಬಿರಗಳು ಇರುವುದರಿಂದಲೇ ಸುಳ್ಳು ಮೆಸೇಜೂ ನಿಜ ಅನಿಸುತ್ತದೆ.

ಪುಣೆ ಬಾವ: ಟ್ಯಾಕ್ಸಿನಲ್ಲಿ ಅಂಗವಿಕಲ ಅವಲಂಬಿತರಿಗೆ ಸಿಗುವ ಕಡಿತ (80ಡಿಡಿ ಅನ್ನುತ್ತಾರಲ್ಲ) ಹಾಕುತ್ತಿದ್ದೀರಾ? ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯದಿಂದ ₹75,000 ಕಳೆಯಬಹುದು. ಶೇ. 80 ಅಥವಾ ಜಾಸ್ತಿ ಇದ್ದರೆ ₹1,25,000.

ನಾನು: ಹಾಕುತ್ತಿದ್ದೇವೆ ಬಾವ. ಅದು ಹೇಳಿಕೊಟ್ಟದ್ದು ಇನ್ನೊಬ್ಬ ತಾಯಿ. ನಿರಾಮಯ ಆರೋಗ್ಯ ವಿಮೆಯೂ ಹಾಗೇ ಗೊತ್ತಾದದ್ದು. ಕೇಂದ್ರ ಸರ್ಕಾರದ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ. ಮೊದಲೇ ಮೆಡಿಕಲ್ ಟೆಸ್ಟ್ ಇಲ್ಲ. ಥೆರಪಿ ಖರ್ಚೂ ಸೇರುತ್ತದೆ. ನಮ್ಮ ಮನೆಯಲ್ಲಿ ದೊಡ್ಡ ಖರ್ಚು ಅದೇ, ಬೇರೆ ಇನ್ಶೂರೆನ್ಸ್‌ನವರು ಅದಕ್ಕೆ ಕೈ ಹಾಕುವುದು ಕಮ್ಮಿ.

ಇನ್ನು ರೈಲು. ಬೌದ್ಧಿಕ ಅಸಾಮರ್ಥ್ಯದಿಂದ ಒಬ್ಬರೇ ಹೋಗಲಾಗದವರಿಗೂ, ಜೊತೆಗೆ ಹೋಗುವ ಒಬ್ಬರಿಗೂ ಸ್ಲೀಪರ್ ಮತ್ತು 3ಎಸಿಯಲ್ಲಿ ಶೇ. 75 ರಿಯಾಯಿತಿ. ಊರಿಗೆ ಮತ್ಸ್ಯಗಂಧಾದಲ್ಲಿ ನಾವು ಹಾಗೇ ಬರುವುದು. ಹೋದ ಸಲ ‘ಫ್ರೀ ಟಿಕೆಟ್ಟಿನವರು ಬಂದರು’ ಅಂದವರು ಇದೇ ಗ್ರೂಪಿನಲ್ಲಿದ್ದಾರೆ. ಅದು ಅವನ ಹಕ್ಕು.

ಕಾರವಾರ ಚಿಕ್ಕಮ್ಮ: ಗೋವಾದಲ್ಲೂ ಒಂದು ದೊಡ್ಡ ಮೇಳ ಆಗುತ್ತದಲ್ವಾ? ಪಣಜಿಯಲ್ಲಿ. ನಮ್ಮ ಪಕ್ಕದ ಮನೆಯವರು ಹೋಗಿದ್ದರು.

ನಾನು: ಪರ್ಪಲ್ ಫೆಸ್ಟ್, ಚಿಕ್ಕಮ್ಮ. ಗೋವಾ ಸರ್ಕಾರದ್ದು. 2023ರ ಜನವರಿಯಲ್ಲಿ ಮೊದಲು ಆಯಿತು. ಮುಂಬೈಯಲ್ಲಿ ಜನವರಿಯ ಮ್ಯಾರಥಾನ್ ದಿನ ‘ಚಾಂಪಿಯನ್ಸ್ ವಿತ್ ಡಿಸೆಬಿಲಿಟಿ’ ಅಂತ ಒಂದು ಓಟವೇ ಇದೆ. ಮಾರ್ಚ್ 21 ಡೌನ್ ಸಿಂಡ್ರೋಮ್ ದಿನ, ಏಪ್ರಿಲ್ 2 ಆಟಿಸಂ ದಿನ, ಡಿಸೆಂಬರ್ 3 ಎಲ್ಲ ಅಂಗವಿಕಲರ ದಿನ. ಆಗ ಒಂದಲ್ಲ ಒಂದು ಕಡೆ ಏನಾದರೂ ಇದ್ದೇ ಇರುತ್ತದೆ.

ಅಲ್ಲಿಗೆ ಹೋದರೆ ಯಾರೂ ದುಡ್ಡು ಕೊಡುವುದಿಲ್ಲ. ನನ್ನ ಮಗ ಕಿವಿ ಮುಚ್ಚಿಕೊಂಡು ಗಟ್ಟಿಯಾಗಿ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ, ಅಷ್ಟೇ. ಮಕ್ಕಳು ಆಡುವಾಗ ಹಿಂದಿನ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು ಕೂತಿರುತ್ತಾರೆ. ಯಾವ ಆಸ್ಪತ್ರೆಯಲ್ಲಿ ಯಾವ ವಾರ ಸರ್ಟಿಫಿಕೇಟಿನ ಮೆಡಿಕಲ್ ಬೋರ್ಡ್ ಕೂರುತ್ತದೆ, ಯಾವ ಡೆಂಟಿಸ್ಟ್ ಬೈಯದೆ ಹಲ್ಲು ನೋಡುತ್ತಾರೆ, ಎಲ್ಲ ಅಲ್ಲೇ ಗೊತ್ತಾಗುವುದು. ಇಂಥ ಮಕ್ಕಳಿಗಾಗಿಯೇ ಇರುವ ಶಿವಡಿಯ ಜೈ ವಕೀಲ್ ಸಂಸ್ಥೆ 1944ರಿಂದ ಇದೆ, ಬಾಂದ್ರಾದ ಅಡಾಪ್ಟ್ 1972ರಿಂದ. ಇಷ್ಟು ಹಳೆಯ ಸಂಸ್ಥೆಗಳಿರುವ ಊರಿನಲ್ಲಿ ನಾವು ಫಾರ್ವರ್ಡ್ ನಂಬಿ ಕೂರಬೇಕಾ?

ಧಾರವಾಡ ಅತ್ತೆ: ನಮ್ಮನ್ನು ಯಾವತ್ತಾದರೂ ಕರೆದಿದ್ದೀಯಾ?

ನಾನು: ಏಪ್ರಿಲ್‌ನಲ್ಲಿ ಇದೇ ಗ್ರೂಪಿನಲ್ಲಿ ಹಾಕಿದ್ದೆ ಅತ್ತೆ. ಕೈ ಮುಗಿದ ಚಿತ್ರ ತುಂಬ ಬಂತು, ಜನ ಬರಲಿಲ್ಲ. ಮುಂದಿನ ಸಲ ಬನ್ನಿ. ಒಂದು ದಿನ ಅವನ ಜೊತೆ ಕೂತುಕೊಳ್ಳಿ. ತಾಳ್ಮೆಯ ಮಾತು ಆಮೇಲೆ ಆಡೋಣ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. 18 ತುಂಬಿದ ದಿನದಿಂದ ಕಾನೂನಿನ ಪ್ರಕಾರ ಅವನು ದೊಡ್ಡವನು. ಹೆತ್ತವರು ಅನ್ನುವ ಕಾರಣಕ್ಕೆ ನಾವು ಅವನ ಪರ ಸಹಿ ಹಾಕಲು ಆಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಡಿ ಗಾರ್ಡಿಯನ್ ಆಗಿ ನೇಮಕ ಆಗಬೇಕು. ಜಿಲ್ಲಾ ಮಟ್ಟದಲ್ಲಿ ಅದಕ್ಕೊಂದು ಸಮಿತಿ ಇದೆ. ಸರ್ಕಾರದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯ ಇರುವ ಒಬ್ಬರು ಅದರಲ್ಲಿ ಇರುತ್ತಾರೆ. ನಮ್ಮದು ಉಪನಗರ ಜಿಲ್ಲೆ, ಕಲೆಕ್ಟರ್ ಕಚೇರಿ ಬಾಂದ್ರಾ ಪೂರ್ವದಲ್ಲಿ. ಈಗ ನಾವಿಬ್ಬರು ಅರ್ಜಿ ಹಾಕುತ್ತೇವೆ. ನಮ್ಮ ನಂತರ ಯಾರು? ಅದನ್ನು ನಾನು ಈ ಗ್ರೂಪಿನಲ್ಲಿ ಕೇಳಬೇಕು ಅಂತ ಬಹಳ ದಿನದಿಂದ ಇದ್ದೆ.

ಡೊಂಬಿವಲಿ ದೊಡ್ಡಪ್ಪ: ಗಾರ್ಡಿಯನ್ ಅಂದರೆ ಆಸ್ತಿಯೂ ಅವರ ಕೈಗೆ ಬರುತ್ತದಾ?

ವಾಶಿ ತಮ್ಮ: ಅಂಕೋಲಾ ತೋಟದ ಮಾತು ಬಂತು ನೋಡಿ.

ಡೊಂಬಿವಲಿ ದೊಡ್ಡಪ್ಪ: ತೋಟ ಅಂತ ನಾನು ಎಲ್ಲಿ ಅಂದೆ?

ಪರೇಲ್ ಅಣ್ಣ: ತೋಟದಲ್ಲಿ ಅವನ ಅಜ್ಜನ ಪಾಲು ಇನ್ನೂ ಬರೆದಿಲ್ಲ, ಅದು ನಿಜ.

ನಾನು: ಕೇಳಿದ್ದು ಒಳ್ಳೆಯದೇ ಆಯಿತು. ಆಸ್ತಿ ನೋಡಿಕೊಳ್ಳುವ ಗಾರ್ಡಿಯನ್ 6 ತಿಂಗಳೊಳಗೆ ಅದರ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ವರ್ಷ ಲೆಕ್ಕ ಕೊಡಬೇಕು. ಸರಿಯಾಗಿ ನೋಡಿಕೊಳ್ಳದಿದ್ದರೆ ತೆಗೆಯಲೂ ಬರುತ್ತದೆ. ದೊಡ್ಡಪ್ಪ, ಅವನ ಅಜ್ಜನ ಪಾಲು ಕಾಗದದ ಮೇಲೆ ಬಂದರೆ ಅದು ಅವನಿಗೆ ಆಧಾರ. ನಾಚಿಕೆ ಇಲ್ಲದೆ ಕೇಳುತ್ತಿದ್ದೇನೆ, ಅವನಿಗಾಗಿ.

ಅರ್ಧ ಗಂಟೆ ಯಾರೂ ಏನೂ ಹಾಕಲಿಲ್ಲ.

ವಾಶಿ ತಮ್ಮ: ಅಕ್ಕ, ನನ್ನ ಹೆಸರು ಬರೆ. ಮನೆಯಲ್ಲಿ ಮಾತಾಡಿದ್ದೇನೆ, ಅವಳೂ ಒಪ್ಪಿದ್ದಾಳೆ. ಆದರೆ ಅವನಿಗೆ ನನ್ನ ಮನೆಯ ಅಭ್ಯಾಸ ಆಗಬೇಕು. ಶನಿವಾರ ರಾತ್ರಿ ಇಲ್ಲೇ ಇರಲಿ, ಈ ವಾರದಿಂದಲೇ.

ಪುಣೆ ಬಾವ: ಅರ್ಜಿ, ಲೆಕ್ಕದ ಕೆಲಸ ನನಗೆ ಬಿಡು. ಪತ್ರಿಕೆಯದು ನಾನು ಮಾಡಿದ್ದು ತಪ್ಪೇ. ಅವನಿಗೆ ಹೇಗೆ ಹೇಳಬೇಕೋ ಗೊತ್ತಿಲ್ಲ.

ನಾನು: ಭಾನುವಾರ ಬಾ ಬಾವ, ಅವನ ಜೊತೆ ಕೂರು. ಹೇಳುವುದು ಬೇಕಿಲ್ಲ.

ಡೊಂಬಿವಲಿ ದೊಡ್ಡಪ್ಪ: ಆ ಮೆಸೇಜ್ ಡಿಲೀಟ್ ಮಾಡಿದೆ. ಬ್ಯಾಂಕಿನ ಗ್ರೂಪಿನಲ್ಲೂ ಲಿಂಕ್ ಒತ್ತಬೇಡಿ ಅಂತ ಬರೆದೆ. ನಿರಾಮಯದ್ದು ನೀನು ಬರೆದದ್ದು ಅಲ್ಲಿ ಹಾಕಲಾ? ಇಬ್ಬರ ಮನೆಯಲ್ಲಿ ಇಂಥ ಮಕ್ಕಳಿದ್ದಾರೆ.

ನಾನು: ಹಾಕಿ ದೊಡ್ಡಪ್ಪ. ನನ್ನ ನಂಬರೂ ಕೊಡಿ, ಫೋನ್ ಮಾಡಲಿ. ಅವನ ಫೋಟೋ ಮಾತ್ರ ಹಾಕಬೇಡಿ.

ನಾನು: ತಮ್ಮ, ಶನಿವಾರ ಅವನು ನಿನ್ನ ಮನೆಗೆ ಬರುವಾಗ ಮಿಕ್ಸರ್ ಒಳಗಿಡು, ಆ ಸದ್ದು ಅವನಿಗೆ ಆಗುವುದಿಲ್ಲ. ಮಲಗುವಾಗ ಬಾಗಿಲು ಅರ್ಧ ತೆರೆದಿರಲಿ.